ಏಳು ಮೂರ್ಲಿ ಇಪ್ಪತ್ತೊಂದು

ನಮ್ಮ ಗಣಿತದ ಮೇಷ್ಟ್ರು ಹೋದ ಡಿಸೆಂಬರಿನಲ್ಲಿ ತೀರಿಕೊಂಡರು. ನಾನಾಗ ಚೆನ್ನೈಯಲ್ಲಿದ್ದೆ, ಅಲ್ಲಿ ಸಂಗೀತ ಕಛೇರಿಗಳ ಸೀಸನ್ನು. ಕೊನೇ ಸಲ ಮುಖ ನೋಡಲಿಕ್ಕಾಗಲಿಲ್ಲ. ಅದಕ್ಕೇ ಶಾಲೆಯ ಸಂಚಿಕೆಗೆ ಬರೆದುಕೊಡಿ ಅಂದಾಗ ಇಲ್ಲ ಅನ್ನಲಿಲ್ಲ.

ತೀರ್ಥಹಳ್ಳಿ ಸೀಮೆಯವರಿಗೆ ಅವರು ಮೊದಲು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದ, ಅರ್ಥಧಾರಿ, ಆಮೇಲೆ ಮೇಷ್ಟ್ರು. ರಾತ್ರಿಯಿಡೀ ಕೌರವನಾಗಿ ವಾದ ಮಾಡಿ, ಬೆಳಿಗ್ಗೆ ಕೆಂಪು ಕಣ್ಣಲ್ಲೇ ಬೀಜಗಣಿತಕ್ಕೆ ಬರುತ್ತಿದ್ದರು. ಆ ಬೀಜಗಣಿತ ಒಂದಕ್ಷರವೂ ನೆನಪಿಲ್ಲ ಬಿಡಿ.

ಆಗ ಶಾಲೆಯ ಗಂಟೆ ಅಂದರೆ ಜಗಲಿಯಲ್ಲಿ ನೇತುಹಾಕಿದ್ದ ರೈಲು ಕಂಬಿಯ ತುಂಡು. ನಾನು ಆಗಷ್ಟೇ ಮೃದಂಗ ಹಿಡಿದವನು, ಕೈ ಸುಮ್ನೆ ಇರುತ್ತಿರಲಿಲ್ಲ. ಒಂದು ಆಷಾಢದ ಮಧ್ಯಾಹ್ನ, ಹೆಂಚಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಜವಾನ ಆಚೆ ಹೋದದ್ದು ನೋಡಿ ಕಂಬಿಯ ಮೇಲೆ ಒಂದಿಷ್ಟು ನಡೆ ನುಡಿಸಿ ಮುಕ್ತಾಯವನ್ನೂ ಕೊಟ್ಟುಬಿಟ್ಟೆ. ಮಲೆನಾಡಲ್ಲಿ ಹೊತ್ತಲ್ಲದ ಹೊತ್ತಲ್ಲಿ ಗಂಟೆ ಬಾರಿಸಿದರೆ ಒಂದೇ ಅರ್ಥ, ಮಳೆ ರಜೆ. ಹೆಡ್‌ಮೇಷ್ಟ್ರು ಹೊರಗೆ ಬರುವಷ್ಟರಲ್ಲಿ ಅರ್ಧ ಶಾಲೆ ಕೊಡೆ ಬಿಚ್ಚಿಕೊಂಡು ಗದ್ದೆ ಬದು ದಾಟಿತ್ತು.

ಮಾರನೇ ದಿನ ಗಣಿತದ ಮೇಷ್ಟ್ರು ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಟ್ಟರು.

"ಹೊಡೆದದ್ದು ಹೊಡೆದೆ ಮಾರಾಯ, ಸಮಕ್ಕೆ ಯಾಕೆ ಬರಲಿಲ್ಲ? ಆದಿತಾಳದ ಒಂದಾವರ್ತಕ್ಕೆ ಎಷ್ಟು ಮಾತ್ರೆ?"

"32 ಸಾರ್."

ಆವರ್ತ ಅಂದರೆ ತಾಳದ ಒಂದು ಸುತ್ತು, ಮಾತ್ರೆ ಅದರ ಸಣ್ಣ ಎಣಿಕೆ. ಸುತ್ತು ಶುರುವಾಗುವ ಪೆಟ್ಟೇ ಸಮ, ಮುಕ್ತಾಯ ಅಲ್ಲಿಗೇ ಬಂದು ಸೇರಬೇಕು. ಏಳು ಮಾತ್ರೆಯ ಮುಕ್ತಾಯ ಮೂರು ಸಲ, ಏಳು ಮೂರ್ಲಿ ಇಪ್ಪತ್ತೊಂದು. ನಡುವೆ ಎರಡು ಕಡೆ ಎರಡೆರಡು ಮಾತ್ರೆ ಬಿಡುವು, ಒಟ್ಟು 25. "ಹಾಗಾದ್ರೆ ಏಳು ಮಾತ್ರೆ ಬಿಟ್ಟು ಎಂಟನೆಯದಕ್ಕೆ ಎತ್ತಿಕೋಬೇಕು. ನೀನು ಬಿಡುವನ್ನೇ ನುಂಗಿದೆ." ಇಡೀ ಕ್ಲಾಸು ಪಿಳಿಪಿಳಿ ನೋಡುತ್ತಿತ್ತು. ಆಮೇಲೆ ಬೆತ್ತವೂ ಬಿತ್ತು ಅನ್ನಿ.

ಮಳೆಗಾಲದಲ್ಲಿ ಮೃದಂಗದ ಚರ್ಮ ತೇವ ಕುಡಿದು ಶ್ರುತಿ ಇಳಿಯುತ್ತಿತ್ತು. ಬಚ್ಚಲ ಒಲೆ ಹತ್ತಿರ ಇಟ್ಟು ಕಾಯಿಸುತ್ತಿದ್ದೆ. ಮೃದಂಗದ ಎಡ ಮುಖಕ್ಕೆ ರವೆ ಕಲಸಿ ಮೆತ್ತುವಾಗ "ಉಪ್ಪಿಟ್ಟಿಗೇ ರವೆ ಇಲ್ಲ" ಅಂತ ಅಮ್ಮ ಗೊಣಗುತ್ತಿದ್ದಳು. ಅಲ್ಲಿಂದ ಭದ್ರಾವತಿ ಆಕಾಶವಾಣಿ, ಆಮೇಲೆ ಎ ಗ್ರೇಡು, ದೊಡ್ಡ ದೊಡ್ಡ ವಿದ್ವಾಂಸರ ಪಕ್ಕ ಕೂರುವ ಯೋಗ. ನಾನೇ ಹೇಳಿಕೊಳ್ಳಬಾರದು, ಆದರೂ ಲೆಕ್ಕದಲ್ಲಿ ನನ್ನನ್ನು ಬೀಳಿಸಿದವರು ಕಡಿಮೆ.

ಈಗಿನ ಮಕ್ಕಳು ಜಾಣರೇ. ಮೊಬೈಲಿನಲ್ಲಿ ತಾಳ ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ, ಕೈಯಲ್ಲಿ ಹಾಕು ಅಂದರೆ ತಡವರಿಸುತ್ತಾರೆ. ಪಾಠಕ್ಕೆ ಸೇರಿಸಿ ಇನ್ನೂ ಸರಳೆ ಮುಗಿದಿರುವುದಿಲ್ಲ, ಅಪ್ಪ ಅಮ್ಮನಿಗೆ "ಟಿವಿಗೆ ಯಾವಾಗ ಸಾರ್?" ಅನ್ನೋದೇ ಚಿಂತೆ. ಸಂಗೀತದ ಪೀರಿಯಡ್ಡು ಇರುವ ಶಾಲೆಗಳಲ್ಲೂ ಪರೀಕ್ಷೆ ಹತ್ತಿರ ಬಂದರೆ ಅದನ್ನು ಕಿತ್ತು ಗಣಿತಕ್ಕೆ ಕೊಡುತ್ತಾರೆ. ನಮ್ಮ ಮೇಷ್ಟ್ರು ಮಾಡಿದ್ದು ಉಲ್ಟಾ, ಅಲ್ವಾ?

ಅವರು ಕಡೆಯದಾಗಿ ಸಿಕ್ಕಿದ್ದು ಶಿವಮೊಗ್ಗದಲ್ಲಿ, ರಾಮನವಮಿಯ ಕಛೇರಿಯಲ್ಲಿ. ಮುಂದಿನ ಸಾಲಲ್ಲಿ ಕೂತು ತೊಡೆ ಮೇಲೆ ತಾಳ ಹಾಕುತ್ತಿದ್ದರು. ನನ್ನ ತನಿಗೆ, ಅಂದರೆ ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ಭಾಗಕ್ಕೆ, ಚಪ್ಪಾಳೆಯೋ ಚಪ್ಪಾಳೆ. ಮುಗಿದ ಮೇಲೆ ಸನ್ಮಾನದ ಶಾಲು ಹೊದ್ದುಕೊಂಡೇ ಹೋಗಿ ಕಾಲಿಗೆ ಬಿದ್ದೆ.

"ಲೆಕ್ಕ ಸರಿ ಇತ್ತು ಮಾರಾಯ. ತನಿ ಮಾತ್ರ ಜಾಸ್ತಿ ಉದ್ದ ಆಯ್ತು. ನನ್ನ ಪಕ್ಕದವರೆಲ್ಲ ಕಾಫಿಗೆ ಎದ್ದು ಹೋದ್ರು. ನಂಗೂ ಹೋಗ್ಬೇಕಿತ್ತು, ಶಿಷ್ಯ ಅಂತ ಕೂತೆ" ಅಂದರು.