ಬಂದರು ಮುಚ್ಚಿದ ಮರಳೇ ಬೀಚ್: ಟರ್ಕಿ ಟೂರುಗಳಲ್ಲಿ ನಾನು ಕಲಿತದ್ದು

ಟರ್ಕಿಗೆ ಹೊರಡುವ ಯಾವ ಗುಂಪಿನಲ್ಲೂ ಎರಡು ಪಾರ್ಟಿ ಇದ್ದೇ ಇರುತ್ತವೆ. ‘ಇನ್ನೆಷ್ಟು ಕಲ್ಲು ತೋರಿಸ್ತೀರ್ರೀ’ ಅನ್ನುವ ಪಾರ್ಟಿ ಒಂದು. ‘ಬೀಚಲ್ಲಿ ಸುಮ್ನೆ ಕೂತು ಏನ್ ಮಾಡೋದು’ ಅನ್ನುವ ಪಾರ್ಟಿ ಇನ್ನೊಂದು. ಒಂದೇ ಮನೆಯ ಗಂಡ ಹೆಂಡತಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇರುವುದೂ ಉಂಟು. ನಾನು ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯಲ್ಲಿ ಟೂರ್ ಮ್ಯಾನೇಜರ್. ಕನ್ನಡದ ಗುಂಪುಗಳನ್ನು ಟರ್ಕಿಯ ಕರಾವಳಿಗೆ ಕರೆದುಕೊಂಡು ಹೋಗುತ್ತೇನೆ. ಈ ಎರಡೂ ಪಾರ್ಟಿಗಳನ್ನು ಒಂದೇ ಬಸ್ಸಿನಲ್ಲಿ ಖುಷಿಯಾಗಿ ಇಡುವುದೇ ಅರ್ಧ ಕೆಲಸ.

ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವ ಉಪಾಯ ಒಂದೇ. ಮೊದಲ ಕೆಲವು ದಿನ ಇತಿಹಾಸ, ಆಮೇಲೆ ಬೀಚು. ಹೀಗೆ ಮಾಡಿದರೆ ಒಂದು ಪಾರ್ಟಿಗೆ ಮೊದಲರ್ಧ ಬೋರು, ಇನ್ನೊಂದಕ್ಕೆ ಎರಡನೆಯ ಅರ್ಧ ಬೋರು. ಆದರೆ ಟರ್ಕಿಯ ಆ ಕರಾವಳಿಯಲ್ಲಿ ಹಳೇ ಬಂದರು, ಬೀಚು ಎರಡೂ ಒಂದೇ ಕಥೆ. ಹೊಳೆಗಳು ತಂದು ಸುರಿದ ಹೂಳು, ಮರಳು ಎಷ್ಟೋ ಬಂದರುಗಳನ್ನು ಮುಚ್ಚಿ ಹಾಕಿದವು. ಈಗ ನಾವು ಟವೆಲ್ ಹಾಸಿಕೊಂಡು ಮಲಗುವ ಬೀಚುಗಳಲ್ಲಿ ಕೆಲವು ಹಾಗೆ ಬಂದ ಮರಳಿನವೇ. ಇದು ತಲೆಗೆ ಹೋದ ಮೇಲೆ ನಾನು ದಿನಗಳನ್ನು ಹಂಚುವ ರೀತಿಯೇ ಬದಲಾಯಿತು.

ಅಲ್ಲಿನ ಸ್ಮಾರಕಗಳಲ್ಲಿ ವಿವರಣೆ ಕೊಡುವ ಹಕ್ಕು ಟರ್ಕಿಯ ಲೈಸೆನ್ಸ್ ಇರುವ ಗೈಡ್‌ಗೆ ಮಾತ್ರ. ನಾನು ಅಲ್ಲಿ ಬಾಯಿ ಬಿಡುವ ಹಾಗಿಲ್ಲ. ನನಗೆ ಸಿಗುವುದು ಬಸ್ಸಿನ ಮೈಕು, ಅದೂ ತಿಂಡಿ ಆದ ಮೇಲಿನ ಸ್ವಲ್ಪ ಹೊತ್ತು. ಆಗ ನಾನು ರಾಜರ ಪಟ್ಟಿ ಓದುವುದಿಲ್ಲ. ಒಂದೇ ಪ್ರಶ್ನೆ ಬಿಟ್ಟು ಕೂರುತ್ತೇನೆ: ‘ಇವತ್ತು ನೋಡೋ ಊರು ಒಂದು ಬಂದರು. ಇಳಿದ ಮೇಲೆ ಸಮುದ್ರ ಎಲ್ಲಿದೆ ಅಂತ ನೀವೇ ಹೇಳಬೇಕು.’

ಎಫೆಸಸ್ ಎಂಬ ಹಳೇ ಗ್ರೀಕ್-ರೋಮನ್ ಊರಿನಲ್ಲಿ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾವು ಮೇಲಿನ ಗೇಟಿನಲ್ಲಿ ಇಳಿದು ಕೆಳಗಿನ ಗೇಟಿಗೆ ನಡೆಯುತ್ತೇವೆ. ಇಳಿಜಾರು, ಹಾಗಾಗಿ ಮಂಡಿ ನೋವಿನವರಿಗೂ ಆಗುತ್ತದೆ. ಸೆಲ್ಸಸ್ ಗ್ರಂಥಾಲಯದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರ. ಅದರ ಎದುರಿನಿಂದ ನೇರವಾಗಿ ಹೊರಡುತ್ತದೆ ಬಂದರು ರಸ್ತೆ. ಅಮೃತಶಿಲೆ ಹಾಸಿದ, ಎರಡೂ ಕಡೆ ಕಂಬಗಳಿದ್ದ, ಅರ್ಧ ಕಿಲೋಮೀಟರ್ ಉದ್ದದ ರಸ್ತೆ. ಅದರ ತುದಿಯಲ್ಲಿ ನೋಡಿದರೆ ಜೌಗು, ಜೊಂಡು. ಸಮುದ್ರ ಅಲ್ಲಿಂದ ಐದಾರು ಕಿಲೋಮೀಟರ್ ಆಚೆ ಹೋಗಿದೆ!

ಊಟದ ಟೇಬಲ್ಲಿನಲ್ಲಿ ಈ ಬಂದರಿನ ಕಥೆ ಹೇಳುತ್ತೇನೆ. ಕೈಸ್ಟ್ರೋಸ್ ಹೊಳೆ ಹೂಳು ತಂದು ತಂದು ಬಂದರಿನ ಆಳ ಕಡಿಮೆ ಮಾಡುತ್ತಿತ್ತು. ಆ ಸೀಮೆಯನ್ನು ಆಳುತ್ತಿದ್ದ ಪೆರ್ಗಮಮ್ ರಾಜ್ಯದ ರಾಜ ಎರಡನೆಯ ಅಟ್ಟಾಲೋಸ್‌ನ ಕಾಲ, ಅಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನ. ಬಂದರಿನ ಬಾಯಿ ಕಿರಿದು ಮಾಡಿದರೆ ನೀರು ಆಳವಾಗಿ ದೊಡ್ಡ ಹಡಗು ಬರುತ್ತದೆ ಎಂದು ರಾಜನೂ ಅವನ ಎಂಜಿನಿಯರುಗಳೂ ಲೆಕ್ಕ ಹಾಕಿ ಅಡ್ಡಗೋಡೆ ಕಟ್ಟಿಸಿದರು. ಆದದ್ದು ಉಲ್ಟಾ. ಮೊದಲು ಸಮುದ್ರದ ಏರಿಳಿತ ಹೂಳನ್ನು ಹೊರಗೆ ಎಳೆದುಕೊಂಡು ಹೋಗುತ್ತಿತ್ತು, ಈಗ ಅದು ಒಳಗೇ ನಿಂತಿತು. ಇದನ್ನು ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿಟ್ಟಿದ್ದಾನೆ. ನಮ್ಮ ಗುಂಪಿನಲ್ಲಿ ನಿವೃತ್ತ ಪಿಡಬ್ಲ್ಯುಡಿ ಎಂಜಿನಿಯರ್ ಒಬ್ಬರಾದರೂ ಇರುತ್ತಾರೆ. ಕಥೆ ಮುಗಿಯುವ ಮೊದಲೇ ‘ಫ್ಲಶಿಂಗೇ ಹೋಯ್ತಲ್ರೀ’ ಅಂದುಬಿಡುತ್ತಾರೆ. ಒಮ್ಮೆ ಕುಂದಾಪುರದ ಹಿರಿಯರೊಬ್ಬರು, ‘ನಮ್ಮ ಅಳಿವೆ ಕಥೆಯೂ ಹೀಂಗೇ ಅಲ್ದಾ ಮಾರಾಯ್ರೆ, ಹೂಳು ತೆಗೀದಿದ್ರೆ ದೋಣಿ ಒಳಗೆ ಬರೂದೇ ಇಲ್ಲ’ ಅಂದರು. ಆಮೇಲೆ ಬಸ್ರೂರು, ಬಾರ್ಕೂರು ಒಂದು ಕಾಲಕ್ಕೆ ಎಂಥಾ ಬಂದರುಗಳಾಗಿದ್ದವು ಎಂದು ಅವರು ಹೇಳುತ್ತಾ ಹೋದರು. ಅವತ್ತು ನನಗೆ ಮೈಕೇ ಬೇಕಾಗಲಿಲ್ಲ.

ಅಂಥ ಊಟದ ಮಾತಿನ ಮರುದಿನ ಗುಂಪು ಬೇರೆಯೇ ಥರ ಇರುತ್ತದೆ. ಯಾವ ಊರಿಗೆ ಹೋದರೂ ತಾವೇ ನೀರು ಹುಡುಕುತ್ತಾರೆ.

ಪತಾರಾ ನನ್ನ ಅಚ್ಚುಮೆಚ್ಚಿನ ಜಾಗ. ಲಿಸಿಯಾ ಎಂಬ ಹಳೇ ಸೀಮೆಯ ಊರುಗಳ ಒಕ್ಕೂಟದ ದೊಡ್ಡ ಬಂದರು ಅದು. ಒಕ್ಕೂಟದ ಸಭಾಭವನ ಇದ್ದದ್ದೂ ಅಲ್ಲೇ. ಸಂತ ನಿಕೋಲಸ್, ಅಂದರೆ ನಮ್ಮ ಮಕ್ಕಳ ಸಾಂಟಾ ಕ್ಲಾಸ್, ಹುಟ್ಟಿದ್ದು ಈ ಊರಿನಲ್ಲಿ ಎನ್ನುತ್ತಾರೆ. ಬಂದರು ಮರಳಿನಿಂದ ಮುಚ್ಚಿಹೋಗಿ ಈಗ ಅಲ್ಲಿ ಜೊಂಡಿನ ಹೊಂಡ ಉಳಿದಿದೆ. ಅದರ ಪಕ್ಕದಲ್ಲೇ ಮರಳು ದಿಬ್ಬಗಳು. ದಿಬ್ಬ ದಾಟಿದರೆ ಕಿಲೋಮೀಟರುಗಟ್ಟಲೆ ಉದ್ದದ ಬೀಚು. ಒಂದೇ ಗೇಟು. ಟಿಕೆಟ್ ತಗೊಂಡು ಹಾಳೂರಿನ ಮಧ್ಯದ ರಸ್ತೆಯಲ್ಲೇ ಬೀಚಿಗೆ ಹೋಗಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು ಸಭಾಭವನ, ಆಮೇಲೆ ನೀರು. ಎರಡೂ ಪಾರ್ಟಿಗೂ ತಕರಾರಿಲ್ಲ. ಆದರೆ ಸಂಜೆ ತಡ ಮಾಡುವ ಹಾಗಿಲ್ಲ. ಕಡಲಾಮೆಗಳು ಅಲ್ಲಿ ಮೊಟ್ಟೆ ಇಡುತ್ತವೆ. ಆ ತಿಂಗಳುಗಳಲ್ಲಿ ರಾತ್ರಿ ಬೀಚು ಮುಚ್ಚಿರುತ್ತದೆ. ಸೂರ್ಯಾಸ್ತ ನೋಡಿಯೇ ಬರುತ್ತೇವೆ ಅನ್ನುವವರಿಗೆ ಇದನ್ನು ಬೆಳಿಗ್ಗೆಯೇ ಹೇಳಿಬಿಡಬೇಕು.

ಫಾಸೆಲಿಸ್‌ನಲ್ಲೂ ಹೀಗೇ ಮಾಡಬಹುದು. ಮೂರು ಬಂದರಿದ್ದ ಊರು, ಪೈನ್ ಮರದ ನೆರಳಿದೆ, ಹಳೇ ಗೋಡೆಗಳ ಪಕ್ಕದಲ್ಲೇ ಈಜಬಹುದು. ಕೆಕೋವಾದಲ್ಲಿ ಮಾತ್ರ ಉಲ್ಟಾ. ಭೂಕಂಪದಲ್ಲಿ ನೆಲ ಕುಸಿದು ಊರೇ ನೀರಿನೊಳಗೆ ಹೋಗಿದೆ. ಅದನ್ನು ದೋಣಿಯಿಂದ ನೋಡಬೇಕು, ಮುಳುಗಿದ ಗೋಡೆಗಳ ಮೇಲೆ ಈಜುವುದಕ್ಕೆ ನಿಷೇಧ.

ಇನ್ನು ಅಂತಾಲ್ಯ. ಎಫೆಸಸ್ ಬಂದರಿನ ಬಾಯಿ ಕಿರಿದು ಮಾಡಿಸಿದ ಅದೇ ಅಟ್ಟಾಲೋಸ್ ಕಟ್ಟಿಸಿದ ಊರು ಇದು, ಹೆಸರೂ ಅವನದೇ. ಇಲ್ಲಿನ ಬಂದರು ಬಂಡೆಗಳ ಕೆಳಗೆ ಇವತ್ತಿಗೂ ನೀರು ತುಂಬಿಕೊಂಡು ಕೂತಿದೆ. ಪ್ರವಾಸಿ ದೋಣಿಗಳು ಹೊರಡುವುದು ಅಲ್ಲಿಂದಲೇ. ಪಾಪ, ರಾಜನಿಗೆ ಒಂದಾದರೂ ಗೆದ್ದಿತು.

ಅಂತಾಲ್ಯದ ಸುತ್ತಮುತ್ತ ಊಟ, ತಿಂಡಿ, ಪಾನೀಯ ಎಲ್ಲಾ ಸೇರಿದ ದೊಡ್ಡ ರೆಸಾರ್ಟುಗಳಿವೆ. ಅವನ್ನು ಟೂರಿನ ಮಧ್ಯೆ ಇಡಲೇಬೇಡಿ ಎಂದು ಪ್ಲಾನಿಂಗ್‌ನವರ ಹತ್ತಿರ ನಾನು ಜಗಳ ಆಡುತ್ತೇನೆ. ರೆಸಾರ್ಟಿನವರು ಕೈಗೆ ತಮ್ಮ ಗುರುತಿನ ಪಟ್ಟಿ ಕಟ್ಟಿದ ಮೇಲೆ ಯಾರೂ ಹೊರಗೆ ಬರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ದುಡ್ಡು ಕೊಟ್ಟಾಗಿದೆ, ಬಿಟ್ಟು ಬರಲು ಮನಸ್ಸಾದರೂ ಹೇಗೆ ಬರುತ್ತದೆ? ರೆಸಾರ್ಟ್ ಏನಿದ್ದರೂ ಕೊನೆಯ ಎರಡು ರಾತ್ರಿ. ಅದಕ್ಕೂ ಮೊದಲು ಹಳೇ ಊರಿನೊಳಗಿನ ಸಣ್ಣ ಹೋಟೆಲುಗಳು. ಸಂಜೆ ನಡೆದುಕೊಂಡೇ ಬಂದರಿಗೆ ಹೋಗಿ ಬರಬಹುದು.

ತಿಂಗಳ ವಿಚಾರವೂ ಇದೆ. ಮಕ್ಕಳಿಗೆ ರಜೆ ಎಂದು ಏಪ್ರಿಲ್‌ನಲ್ಲಿ ಬರುವವರು ಜಾಸ್ತಿ. ಆಗ ಸುತ್ತಾಡಲು ಹಿತ, ಎಲ್ಲೆಲ್ಲೂ ಹೂವು, ಆದರೆ ಸಮುದ್ರದ ನೀರು ಮಾತ್ರ ಚಳಿ ಹಿಡಿಸುತ್ತದೆ. ಜುಲೈ, ಆಗಸ್ಟಿನಲ್ಲಿ ಕಲ್ಲಿನ ಮೇಲೆ ನಿಲ್ಲಲೂ ಆಗುವುದಿಲ್ಲ. ಬೇಸಿಗೆಯಿಡೀ ಕಾದ ಸಮುದ್ರ ಅಕ್ಟೋಬರಿನಲ್ಲೂ ಬೆಚ್ಚಗಿರುತ್ತದೆ, ಬಿಸಿಲೂ ಇಳಿದಿರುತ್ತದೆ. ಹಾಗಾಗಿ ನಾನು ದಸರಾ ರಜೆಗೇ ಓಟು ಹಾಕುವುದು. ಅಂತಾಲ್ಯದ ಕೊನ್ಯಾಲ್ತಿ ಬೀಚಿನಲ್ಲಿ ಮರಳಲ್ಲ, ನುಣ್ಣನೆಯ ಕಲ್ಲು. ನೀರಿಗೆ ಇಳಿಯಲು ರಬ್ಬರ್ ಚಪ್ಪಲಿ ಬೇಕು. ಸೀರೆ, ಚೂಡಿದಾರದ ಹೆಂಗಸರು ಮೊದಲು ದೂರವೇ ಕೂರುತ್ತಾರೆ. ಅಲ್ಲಿನ ಹೆಂಗಸರೂ ಎಷ್ಟೋ ಜನ ಮೈತುಂಬ ಮುಚ್ಚುವ ಈಜುಡುಗೆಯಲ್ಲಿ ಆಡುವುದನ್ನು ಕಂಡ ಮೇಲೆ ನಿಧಾನಕ್ಕೆ ಎದ್ದು ಬರುತ್ತಾರೆ.

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟವಿಲ್ಲ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು ಬೇಕಾದಷ್ಟಿವೆ. ಅನ್ನಕ್ಕೆ ಮತ್ತು ಬೇಳೆ ಸೂಪಿಗೆ ಮಾಂಸದ ಅಥವಾ ಕೋಳಿಯ ಸಾರು ಹಾಕಿದ್ದಾರೋ ಎಂದು ಅಡುಗೆಮನೆಗೇ ಹೋಗಿ ಕೇಳುವುದು ನನ್ನ ದಿನಚರಿ. ಚಟ್ನಿಪುಡಿಯನ್ನಂತೂ ನಮ್ಮ ಗುಂಪಿನವರೇ ತಂದಿರುತ್ತಾರೆ ಬಿಡಿ.

ಮುಂದಿನ ದಸರಾ ಪಟ್ಟಿಗೆ ಮಿಲೀಟಸ್ ಎಂಬ ಹಳೇ ಬಂದರು ಊರನ್ನು ಸೇರಿಸಿ ಎಂದು ಆಫೀಸಿನಲ್ಲಿ ಕೇಳಿದ್ದೇನೆ. ಕ್ರಿಸ್ತಪೂರ್ವ 494ರಲ್ಲಿ ಲಾದೆ ಎಂಬ ದ್ವೀಪದ ಹತ್ತಿರ ಗ್ರೀಕರಿಗೂ ಪರ್ಷಿಯನ್ನರಿಗೂ ನೌಕಾಯುದ್ಧ ಆದ ಜಾಗ. ಆ ದ್ವೀಪ ಈಗ ಹೊಲಗಳ ನಡುವಿನ ಒಂದು ಗುಡ್ಡ. ‘ಹೆಸರೇ ಯಾರಿಗೂ ಗೊತ್ತಿಲ್ಲ, ಬ್ರೋಷರಿನಲ್ಲಿ ಏನಂತ ಹಾಕೋದು’ ಅಂತ ಮಾರ್ಕೆಟಿಂಗ್‌ನವರು ಕೇಳುತ್ತಿದ್ದಾರೆ. ಗುಡ್ಡದ ಫೋಟೊ ಹಾಕಿ, ‘ಈ ದ್ವೀಪದ ಸಮುದ್ರ ಎಲ್ಲಿ?’ ಅಂತ ಕೆಳಗೆ ಬರೆಯಿರಿ ಎಂದಿದ್ದೇನೆ. ಸದ್ಯಕ್ಕೆ ಅರ್ಧ ದಿನ ಸಿಗುವ ಹಾಗೆ ಕಾಣುತ್ತಿದೆ.