ಬರ್ಲಿನ್‌ನಲ್ಲಿ ಸಿಂಥ್ ನುಡಿಸಿ, ಕಟ್ಟಿ, ಮಾರಿ ಬದುಕುವವರ ಲೆಕ್ಕ

ಬರ್ಲಿನ್‌ನ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತದವರಲ್ಲಿ ನುಡಿಸುವವರೇ ವಾದ್ಯವನ್ನೂ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರನ್ನೂ (ಸಿಂಥ್), ಕಟ್ಟುವುದು ಅಪರೂಪವೇನಲ್ಲ. ರಾತ್ರಿ ಕಾರ್ಯಕ್ರಮ, ಹಗಲು ಬೆಸುಗೆ. ಊರಲ್ಲಿ ಕೂತವರಿಗೆ ಇದು ಒಂದೇ ವೃತ್ತಿ, ಇಲ್ಲಿನ ಸರ್ಕಾರಕ್ಕೆ ಎರಡು. ಸಂಗೀತಗಾರ, ಡಿಸೈನರ್ ಆಗಿದ್ದರೆ ಕಲಾವಿದ. ಕಟ್ಟಿದ ಮಾಡ್ಯೂಲನ್ನು (ಸಿಂಥ್‌ನ ಬಿಡಿ ಘಟಕ) ಮಾರಲು ಶುರು ಮಾಡಿದರೆ ಅದೇ ಮನುಷ್ಯ ವ್ಯಾಪಾರಿ.

ಕಲಾವಿದನಾಗಿದ್ದರೆ ಅನುಕೂಲ ದೊಡ್ಡದು. ಕ್ಯೂನ್‌ಸ್ಟ್ಲರ್‌ಸೊತ್ಸಿಯಾಲ್‌ಕಾಸ್ಸೆ ಎಂಬ ಕಲಾವಿದರ ವಿಮಾ ನಿಧಿ ಆರೋಗ್ಯ ವಿಮೆ, ಪಿಂಚಣಿಗಳ ಕಂತಿನಲ್ಲಿ ಅರ್ಧವನ್ನು ತಾನೇ ತುಂಬುತ್ತದೆ. ಕಲೆಯಿಂದ ವರ್ಷಕ್ಕೆ 3,900 ಯೂರೋಗಿಂತ ಹೆಚ್ಚು ಬರಬೇಕು. ವೃತ್ತಿ ಶುರುವಿನ ಮೊದಲ 3 ವರ್ಷ ಆ ಷರತ್ತಿನಿಂದ ವಿನಾಯಿತಿ. ಮಾಡ್ಯೂಲ್ ಮಾರಿದ ದುಡ್ಡು ಈ ಲೆಕ್ಕಕ್ಕೆ ಸೇರುವುದಿಲ್ಲ. ಫ್ರೀಲಾನ್ಸ್ ವಾಸ ಪರವಾನಗಿಯ ಮೇಲೆ ಬಂದವರು ಒಂದನ್ನೂ ಮಾರುವ ಮುನ್ನ ಪರವಾನಗಿಯಲ್ಲಿ ಯಾವ ಕೆಲಸಕ್ಕೆ ಅನುಮತಿ ಅಂತ ಬರೆದಿದೆ ನೋಡಿಕೊಳ್ಳಬೇಕು. ವ್ಯಾಪಾರಕ್ಕೆ ಬೇರೆ ಅನುಮತಿ, ಬೇರೆ ನೋಂದಣಿ.

ಕಟ್ಟುವ ಕೆಲಸದ ಅಳತೆಗಳೆಲ್ಲ ಯೂರೋರ‍್ಯಾಕ್‌ನವು. ಮ್ಯೂನಿಕ್ ಬಳಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವಿನಲ್ಲಿ ತಂದ ಎ-100 ಸಿಂಥ್‌ನಿಂದ ಬಂದ, ಬೇರೆ ಬೇರೆ ತಯಾರಕರ ಮಾಡ್ಯೂಲುಗಳು ಒಂದೇ ಪೆಟ್ಟಿಗೆಯಲ್ಲಿ ಕೂರುವಂಥ ಪದ್ಧತಿ ಇದು. ಪ್ಯಾನೆಲ್ ಎತ್ತರ 128.5 ಮಿ.ಮೀ., ಅಗಲ 5.08 ಮಿ.ಮೀ.ಗಳ ಲೆಕ್ಕದಲ್ಲಿ, ವಿದ್ಯುತ್ತು ಪ್ಲಸ್ ಮತ್ತು ಮೈನಸ್ 12 ವೋಲ್ಟ್. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಮೈನಸ್ 12ರ ಕಡೆಗೆ ಇರಬೇಕು. 10 ಪಿನ್‌ನ ಕನೆಕ್ಟರನ್ನು ತಿರುಗಿಸಿ ಚುಚ್ಚಿದರೆ ಎರಡು ವೋಲ್ಟೇಜೂ ಅದಲುಬದಲಾಗಿ ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ಸುಡುತ್ತದೆ. ಎರಡೂ ಸಾಲಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಷಾಟ್ಕಿ ಡಯೋಡ್ ಒಂದೊಂದು ಹಾಕಿದರೆ ಬಚಾವ್. ಕೊಳ್ಳುವವರು ಕತ್ತಲಲ್ಲಿ, ಗಡಿಬಿಡಿಯಲ್ಲಿ ಜೋಡಿಸುತ್ತಾರೆ ಅಂತಲೇ ತಿಳಿದು ಅದನ್ನು ಹಾಕಿ.

ನಿಜವಾದ ತಲೆನೋವು ಶ್ರುತಿಯದು. ಸ್ವರ ಎಷ್ಟು ಎತ್ತರ ಅನ್ನುವುದನ್ನು ಇಲ್ಲಿ ವೋಲ್ಟೇಜ್ ಹೇಳುತ್ತದೆ. 1 ವೋಲ್ಟಿಗೆ ಒಂದು ಸ್ಥಾಯಿ ಅಂದರೆ ಒಂದು ಅರ್ಧಸ್ವರಕ್ಕೆ 83.3 ಮಿಲಿವೋಲ್ಟ್, ಒಂದು ಸೆಂಟ್‌ಗೆ (ಅರ್ಧಸ್ವರದ ನೂರನೇ ಒಂದು ಪಾಲು) 0.83 ಮಾತ್ರ. ಆ ವೋಲ್ಟೇಜ್ ಕಳಿಸುವ ಔಟ್‌ಪುಟ್‌ಗೆ ರೂಢಿಯಂತೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೀರಿ, ಎದುರಿನ ಇನ್‌ಪುಟ್ 100 ಕಿಲೋ ಓಮ್ ಇದೆ ಅನ್ನಿ. ನೂರೊಂದರಲ್ಲಿ ಒಂದು ಪಾಲು ವೋಲ್ಟೇಜ್ ಅಲ್ಲೇ ಕಳೆದುಹೋಯಿತು. ಒಂದು ಸ್ಥಾಯಿಗೆ ಸುಮಾರು 12 ಸೆಂಟ್, 5 ಸ್ಥಾಯಿ ದಾಟುವಷ್ಟರಲ್ಲಿ ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು ತಪ್ಪು. ಇನ್ನೊಂದು ಆಸಿಲೇಟರನ್ನೂ (ಸ್ವರ ಹುಟ್ಟಿಸುವ ಮಾಡ್ಯೂಲ್) ಅದಕ್ಕೇ ಸಿಕ್ಕಿಸಿದರೆ ತಪ್ಪು ಹೆಚ್ಚುಕಮ್ಮಿ ದುಪ್ಪಟ್ಟು. ಆ ರೆಸಿಸ್ಟರನ್ನು ಆಪ್-ಆಂಪ್‌ನ ಫೀಡ್‌ಬ್ಯಾಕ್ ಲೂಪಿನ (ಔಟ್‌ಪುಟ್ ನೋಡಿ ತಾನೇ ತಿದ್ದಿಕೊಳ್ಳುವ ಸುತ್ತು) ಒಳಗೆ ತಂದು, ಸಣ್ಣ ಕೆಪಾಸಿಟರ್ ಜೊತೆ ಮಾಡಿದರೆ ನಷ್ಟ ತಾನಾಗಿ ಸರಿಹೋಗುತ್ತದೆ. ಕೆಪಾಸಿಟರ್ ಬಿಟ್ಟರೆ ಉದ್ದ ಕೇಬಲ್ ಸಿಕ್ಕಿಸಿದಾಗ ಆಪ್-ಆಂಪ್ ತಾನೇ ಕಿರುಚಬಹುದು. ಎಲ್‌ಇಡಿ ಮಿಣುಕಿದಾಗಲೆಲ್ಲ ಸ್ವರ ನಡುಗಿದರೆ ದೋಷ ಗ್ರೌಂಡಿನಲ್ಲಿ, ಅಂದರೆ ಕರೆಂಟು ಮರಳುವ ದಾರಿಯಲ್ಲಿ: ಎಲ್‌ಇಡಿಯ ಕರೆಂಟೂ ಶ್ರುತಿಯ ವೋಲ್ಟೇಜೂ ಒಂದೇ ಸಪೂರ ಗೆರೆಯನ್ನು ಹಂಚಿಕೊಂಡಿವೆ. 4 ಮಿಲಿವೋಲ್ಟ್ ಏರಿಳಿದರೂ 5 ಸೆಂಟ್.

ಚಳಿಗಾಲದಲ್ಲಿ ಹೊರಗಿನಿಂದ ತಂದ ಪೆಟ್ಟಿಗೆಯ ಶ್ರುತಿ ಬೆಚ್ಚಗಾಗುವ ತನಕ ಜಾರುತ್ತಲೇ ಇರುತ್ತದೆ. ಆಸಿಲೇಟರ್‌ನ ಟ್ರಾನ್ಸಿಸ್ಟರ್ ಜೋಡಿಗೆ ಅಂಟಿಸಿದಂತೆ ಬಿಸಿಗೆ ತಕ್ಕಂತೆ ಬದಲಾಗಿ ಈ ಜಾರುವಿಕೆಯನ್ನು ಸರಿದೂಗಿಸುವ 3300 ಪಿಪಿಎಂ (ಡಿಗ್ರಿಗೆ ಹತ್ತು ಲಕ್ಷದಲ್ಲಿ 3300 ಪಾಲು) ಟೆಂಪ್ಕೋ ರೆಸಿಸ್ಟರ್ ಕೂರಿಸಬೇಕು. ಒಂದು ಸೆಂಟಿಮೀಟರ್ ದೂರ ಇಟ್ಟರೆ ಅದು ಬೇರೆಯದೇ ಬಿಸಿಯನ್ನು ಅಳೆಯುತ್ತದೆ.

ಮಾರಾಟಕ್ಕೆ ಸೀಸವಿಲ್ಲದ ಬೆಸುಗೆ, ಸಿಇ ಗುರುತು (ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎಂಬ ತಯಾರಕರ ಘೋಷಣೆ), ಅಡ್ಡಗೆರೆಯ ಕಸದ ಬುಟ್ಟಿ ಚಿಹ್ನೆ ಬೇಕೇ ಬೇಕು. ಎಲೆಕ್ಟ್ರಾನಿಕ್ ತ್ಯಾಜ್ಯಕ್ಕಾಗಿ ಸ್ಟಿಫ್ಟುಂಗ್ ಇಎಆರ್‌ನಲ್ಲಿ, ಪ್ಯಾಕಿಂಗ್ ರಟ್ಟಿಗಾಗಿ ಲೂಸಿಡ್‌ನಲ್ಲಿ ನೋಂದಣಿ. ಹತ್ತೇ ಮಾಡ್ಯೂಲ್ ಅಂದರೂ ರಿಯಾಯಿತಿ ಇಲ್ಲ. ಹೀಗಾಗಿ ವಿನ್ಯಾಸವನ್ನು ಈಗಾಗಲೇ ನೋಂದಣಿಯಾದ ತಯಾರಕರಿಗೆ ಕೊಟ್ಟು, ಮಾರಾಟವಾದ ಪ್ರತಿ ಮಾಡ್ಯೂಲಿಗೆ ರಾಯಲ್ಟಿ ಪಡೆಯುವ ದಾರಿಯನ್ನೂ ವಿಚಾರಿಸಿ ನೋಡಿ. ಒಂದರ ಮೇಲಿನ ಲಾಭ ಕಡಿಮೆ, ಆದರೆ ಈ ನೋಂದಣಿಗಳ ಹೊಣೆ ತಯಾರಕರದು.