ಡಬ್ಬಿಯಲ್ಲಿರೋ ಹಳೇ ಪಾರ್ಟ್ಸ್: ಯಾವುದು ಇರಲಿ, ಯಾವುದು ಹೋಗಲಿ

ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿದವರ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಕೆಟ್ಟ ರೇಡಿಯೊ, ಸತ್ತ ಪ್ರಿಂಟರ್, ಯಾರೋ ಬೇಡ ಅಂತ ಕೊಟ್ಟ ಡಿವಿಡಿ ಪ್ಲೇಯರ್, ಇವುಗಳಿಂದ ಕಿತ್ತದ್ದೆಲ್ಲ ಅದರಲ್ಲಿ. "ಯಾವತ್ತಾದ್ರೂ ಬೇಕಾಗುತ್ತೆ" ಅಂತ ಹೇಳಿಕೊಂಡೇ ಎಲ್ಲರೂ ಅದನ್ನು ತುಂಬಿಸುವುದು. ಮಾತು ಸುಳ್ಳೇನಲ್ಲ. ಆದರೆ ಯಾವ ಪಾರ್ಟ್ ಕೈಗೆತ್ತಿಕೊಂಡರೂ ಅದೇ ಮಾತು ಹೇಳಬಹುದು, ಹಾಗಾಗಿ ಅದರಿಂದ ಏನೂ ತೀರ್ಮಾನ ಆಗೋದಿಲ್ಲ. ನಾನು ಕೇಳಿಕೊಳ್ಳೋದು ಬೇರೆ: ಇದು ಕೂತಲ್ಲೇ ಹಾಳಾಗುವಂಥದ್ದಾ?

ಸಾಮಾನ್ಯವಾಗಿ ನಾವು ಬಳಸಿದರೆ ಸವೆಯುತ್ತದೆ, ಇಟ್ಟರೆ ಇರುತ್ತದೆ ಅಂದುಕೊಳ್ಳುತ್ತೇವೆ. ಸಿಲಿಕಾನ್ ಮಟ್ಟಿಗೆ, ಅಂದರೆ ಐಸಿ (ಚಿಪ್), ಟ್ರಾನ್ಸಿಸ್ಟರ್‌ನಂಥವಕ್ಕೆ, ಅದು ಬಹುಪಾಲು ನಿಜ. 555 ಟೈಮರ್ ಐಸಿ ಬಂದದ್ದು 1972ರಲ್ಲಿ. ಕಾಲುಗಳಿಗೆ ತುಕ್ಕು ಹಿಡಿಯದೆ, ತೇವ ತಾಗದೆ ಉಳಿದ ಹಳೇ 555 ಇವತ್ತೂ ಕೆಲಸ ಮಾಡುತ್ತದೆ. 7400 ಸರಣಿಯ ಲಾಜಿಕ್ ಐಸಿಗಳೂ ಹಾಗೇ. ಆದರೆ ಒಳಗೆ ದ್ರವ, ರಬ್ಬರ್, ಬ್ಯಾಟರಿ ಇರೋ ಯಾವುದೇ ಆಗಲಿ, ಯಾರೂ ಮುಟ್ಟದಿದ್ದರೂ ಮುದಿಯಾಗುತ್ತಾ ಹೋಗುತ್ತದೆ.

ಇದರಲ್ಲಿ ಮೊದಲು ಬರುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಕೆಪಾಸಿಟರ್ ಅಂದರೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪಾರ್ಟ್). ಅದರೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಆಕ್ಸೈಡ್ ಪದರ ಇರುತ್ತದೆ, ಅದೇ ಇನ್ಸುಲೇಟರ್. ವೋಲ್ಟೇಜ್ ಇರುವವರೆಗೂ ಆ ಪದರ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ವೋಲ್ಟೇಜ್ ಇಲ್ಲದೆ ಬಿದ್ದಿದ್ದರೆ ಪದರ ದುರ್ಬಲ ಆಗುತ್ತದೆ. ಆಮೇಲೆ ಒಂದೇ ಸಲ ಪೂರ್ತಿ ವೋಲ್ಟೇಜ್ ಕೊಟ್ಟರೆ ಕರೆಂಟ್ ಸೋರಿ, ಬಿಸಿಯಾಗಿ, ಕೆಲವೊಮ್ಮೆ ಢಬ್ ಅಂತ ಒಡೆದೇ ಹೋಗುತ್ತದೆ. ಹೆಚ್ಚು ಓಮ್‌ನ ರೆಸಿಸ್ಟರ್ ಮೂಲಕ ನಿಧಾನವಾಗಿ ವೋಲ್ಟೇಜ್ ಏರಿಸುತ್ತಾ ಹೋದರೆ ಪದರ ಮತ್ತೆ ಕಟ್ಟಿಕೊಳ್ಳುವುದುಂಟು. ಆದರೆ ಅಷ್ಟು ತಾಳ್ಮೆ ಯಾಕೆ ಬೇಕು ಹೇಳಿ? ವಾಲ್ವ್ ರೇಡಿಯೊದ ದೊಡ್ಡ ಡಬ್ಬಿ ಕೆಪಾಸಿಟರ್‌ಗೆ ಸರಿ, ಅದು ಈಗ ಸಿಗೋದು ಕಷ್ಟ. ಸಾಧಾರಣ 100 ಮೈಕ್ರೊಫ್ಯಾರಡ್ (ಕೆಪಾಸಿಟರ್‌ನ ಅಳತೆ) ಕೆಪಾಸಿಟರ್‌ಗೆ ಖಂಡಿತ ಬೇಡ.

ಬೋರ್ಡ್‌ನಿಂದ ಕಿತ್ತದ್ದಾದರೆ ಇನ್ನೊಂದು ತೊಂದರೆ. ಶಾಖ ಹತ್ತು ಡಿಗ್ರಿ ಇಳಿದರೆ ಇದರ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಅನ್ನೋದು ಎಲ್ಲರೂ ಬಳಸುವ ಲೆಕ್ಕ. ಅದನ್ನೇ ತಿರುಗಿಸಿ ನೋಡಿ. ಪವರ್ ಸಪ್ಲೈ ಒಳಗೆ, ಬಿಸಿ ಹೀಟ್ ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಪಕ್ಕದಲ್ಲಿ ವರ್ಷಾನುಗಟ್ಟಲೆ ಕೂತಿದ್ದ ಕೆಪಾಸಿಟರ್‌ನಲ್ಲಿ ಇನ್ನೇನು ಉಳಿದಿರುತ್ತದೆ? ಮೇಲ್ಭಾಗ ಉಬ್ಬಿದ್ದರೆ ಅಳೆಯೋದೂ ಬೇಡ. 2000ದ ಆಸುಪಾಸಿನ ಮದರ್‌ಬೋರ್ಡ್‌ಗಳಲ್ಲಿ ಇಂಥವು ಸಾಲುಸಾಲಾಗಿ ಕಾಣಿಸುತ್ತವೆ, ಆಗ ಕೆಟ್ಟ ಎಲೆಕ್ಟ್ರೊಲೈಟ್ (ಒಳಗಿನ ದ್ರವ) ತುಂಬಿದ ಕೆಪಾಸಿಟರ್‌ಗಳು ರಾಶಿರಾಶಿ ಮಾರಾಟ ಆಗಿದ್ದವು. ಉಬ್ಬದೇ ಇರೋದನ್ನೂ ನಂಬೋಕಾಗಲ್ಲ. ಮಲ್ಟಿಮೀಟರ್ ಸರಿಯಾದ ಮೈಕ್ರೊಫ್ಯಾರಡ್ ತೋರಿಸಿದರೂ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್, ಏರಿ ಕೂತಿರಬಹುದು. ಅದಕ್ಕೆ ಬೇರೆ ಮೀಟರೇ ಬೇಕು. ಕಿತ್ತ ಎಲೆಕ್ಟ್ರೊಲಿಟಿಕ್‌ಗಳನ್ನು ನಾನು ಇಟ್ಟುಕೊಳ್ಳೋದೇ ಇಲ್ಲ.

ಸೆರಾಮಿಕ್, ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್‌ಗಳು ಧಾರಾಳವಾಗಿ ಇರಲಿ. ಒಂದೇ ಒಂದು ಜಾತಿ ಬಿಟ್ಟು: ಹಳೇ ಉಪಕರಣಗಳಲ್ಲಿ ಮೇನ್ಸ್ ಕರೆಂಟ್ ಬರುವ ಜಾಗದಲ್ಲಿ, ಹಳದಿ ಪಾರದರ್ಶಕ ಕವಚದ ಪೇಪರ್ ಕೆಪಾಸಿಟರ್ ಇರುತ್ತದೆ. ಕವಚದ ಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿದರೆ ತೇವ ಒಳಗೆ ಹೋಗಿದೆ ಅಂತಲೇ ಲೆಕ್ಕ. ಬಹಳ ದಿನದ ಮೇಲೆ ಹಳೇ ಕಂಪ್ಯೂಟರ್ ಆನ್ ಮಾಡಿದಾಗ ರೂಮೆಲ್ಲ ಹೊಗೆ ತುಂಬಿಸೋದು ಹೆಚ್ಚಾಗಿ ಇದೇ.

ಐಸಿ, ಟ್ರಾನ್ಸಿಸ್ಟರ್‌ನಂಥ ಸೆಮಿಕಂಡಕ್ಟರ್ ಇಟ್ಟರೆ ಇರುತ್ತದೆ ಅಂದೆ, ಅದಕ್ಕೂ ಒಂದು ಮಜವಾದ ಅಪವಾದ ಇದೆ. 1960ರ ದಶಕದ ರೇಡಿಯೊಗಳಲ್ಲಿ ಎಎಫ್117 ಅಂತ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್ ಬರುತ್ತಿತ್ತು. ಅದಕ್ಕೆ ನಾಲ್ಕು ಕಾಲು, ನಾಲ್ಕನೆಯದು ಹೊರಗಿನ ಲೋಹದ ಡಬ್ಬಿಗೆ ಸೇರಿದ್ದು. ಡಬ್ಬಿಯ ಒಳಗೆ ತವರದ ಸಣ್ಣ ಸಣ್ಣ ಎಳೆಗಳು ತಾವಾಗಿಯೇ ಬೆಳೆದು, ಒಳಗಿನ ಭಾಗಕ್ಕೆ ತಾಗಿ ಶಾರ್ಟ್ ಆಗುತ್ತದೆ. ಎಂದೂ ಬಳಸದೆ ಇಟ್ಟಿದ್ದವೂ ಹೀಗೇ ಹೋಗುತ್ತವೆ. ರಿಪೇರಿ ಮಾಡುವವರು ಆ ನಾಲ್ಕನೇ ಕಾಲನ್ನು ಕತ್ತರಿಸಿಬಿಡುತ್ತಾರೆ, ರೇಡಿಯೊ ಎಷ್ಟೋ ಸಲ ಮತ್ತೆ ಮಾತಾಡುತ್ತದೆ!

ರೆಸಿಸ್ಟರ್ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಹಳೇ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ತೇವ ಹೀರಿ, ಅದರ ರೆಸಿಸ್ಟೆನ್ಸ್ ಬರೆದದ್ದಕ್ಕಿಂತ ಮೇಲಕ್ಕೆ ಹೋಗಿರುತ್ತದೆ, ಅಳೆಯದೆ ಹಾಕಬೇಡಿ. ಮಾಮೂಲಿ ಕಾಲು ವ್ಯಾಟಿನದನ್ನು ಒಂದೊಂದಾಗಿ ಕಿತ್ತು ಕಾಲು ನೆಟ್ಟಗೆ ಮಾಡುವುದು ಬರೀ ಸಮಯ ಹಾಳು. ಸರ್ಫೇಸ್ ಮೌಂಟ್ (ಕಾಲಿಲ್ಲದೆ ಬೋರ್ಡಿನ ಮೇಲೆಯೇ ಬೆಸೆದ) ಸೆರಾಮಿಕ್ ಕೆಪಾಸಿಟರ್ ಮೇಲೆ ಏನೂ ಬರೆದಿರೋದಿಲ್ಲ. ಬೋರ್ಡಿನಿಂದ ಬಿಚ್ಚಿದ ಮೇಲೆ ಎಷ್ಟು ವೋಲ್ಟಿನದ್ದು ಅಂತ ಹೇಳೋಕೇ ಬರಲ್ಲ. ಇಂಥವು ಬೇಕು ಅನ್ನಿಸಿದರೆ ಬೋರ್ಡನ್ನೇ ಹಾಗೇ ಇಡಿ. ಪಕ್ಕದಲ್ಲಿರೋ ಐಸಿಯ ನಂಬರ್ ನೋಡಿ ಡೇಟಾಶೀಟ್ (ಕಂಪನಿ ಕೊಡುವ ವಿವರಪತ್ರ) ತೆಗೆದರೆ, ಆ ಜಾಗದಲ್ಲಿ ಏನಿರಬೇಕು ಅಂತ ಅಂದಾಜು ಸಿಗುತ್ತದೆ.

ಜನ ಬಿಸಾಡೋ ಸಾಮಾನುಗಳೇ ನನ್ನ ಪ್ರಕಾರ ನಿಜವಾದ ಆಸ್ತಿ. ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್, ಸ್ವಿಚ್, ಕನೆಕ್ಟರ್, ರಿಲೇ, ಫ್ಯಾನು, ನಾಬ್, ಸ್ಕ್ರೂ. ಪ್ರಿಂಟರ್ ಬಿಚ್ಚಿದರೆ ಮೋಟರ್‌ಗಳು ಸಿಗುತ್ತವೆ, ಜೊತೆಗೆ ಕನ್ನಡಿಯಷ್ಟು ನುಣ್ಣಗಿರೋ ಸ್ಟೀಲ್ ರಾಡ್. ಅದರ ಬೋರ್ಡ್‌ಗಿಂತ ಆ ರಾಡೇ ಹೆಚ್ಚು ಉಪಯೋಗಕ್ಕೆ ಬರುವುದು. ಕಂಪ್ಯೂಟರಿನ ಎಟಿಎಕ್ಸ್ ಪವರ್ ಸಪ್ಲೈ ಚೆನ್ನಾಗಿದ್ದರೆ ಬಿಚ್ಚಬೇಡಿ. ದೊಡ್ಡ ಕನೆಕ್ಟರಿನ ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಆನ್ ಆಗುತ್ತದೆ, 3.3, 5, 12 ವೋಲ್ಟ್ ಮೂರೂ ಸಿಗುತ್ತದೆ. ಅಡಾಪ್ಟರ್‌ಗಳನ್ನೂ ಇಡಿ, ಆದರೆ ಯಾವುದರದ್ದು, ಎಷ್ಟು ವೋಲ್ಟ್ ಅಂತ ಬರೆದು ಅಂಟಿಸಿ. ಹಳೇ ಕಾಲದ ಭಾರದ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ ಮೇಲೆ ಬರೆದಿದ್ದಕ್ಕಿಂತ ಸಾಕಷ್ಟು ಜಾಸ್ತಿ ವೋಲ್ಟೇಜ್ ತೋರಿಸುತ್ತವೆ, ಅದು ಕೆಟ್ಟಿದೆ ಅಂತ ಅರ್ಥ ಅಲ್ಲ.

ಐಸಿ ಚುಚ್ಚಿಟ್ಟಿರೋ ಹಳೇ ಕಪ್ಪು ಫೋಮನ್ನೂ ಒಮ್ಮೆ ನೋಡಿ. ವರ್ಷ ಕಳೆದಂತೆ ಅದು ಅಂಟಂಟಾಗಿ ಪುಡಿಯಾಗುತ್ತದೆ, ಕಾಲುಗಳನ್ನು ತಿನ್ನುತ್ತದೆ. ಚೆನ್ನಾಗಿರಲಿ ಅಂತ ಚುಚ್ಚಿಟ್ಟದ್ದೇ ಐಸಿಗೆ ಮುಳುವಾಗೋದು ಹೀಗೆ. ಮೇಲೆ ಗಾಜಿನ ಕಿಟಕಿ ಇರೋ ಇಪ್ರಾಮ್ (ಕಿಟಕಿಯಿಂದ ಅತಿನೇರಳೆ ಬೆಳಕು ಬಿಟ್ಟು ಅಳಿಸುವ ಮೆಮೊರಿ ಐಸಿ) ಸಿಕ್ಕಿದರೆ ಕಿಟಕಿಯ ಸ್ಟಿಕರ್ ಕೀಳಬೇಡಿ. ಅದರೊಳಗಿನ ಪ್ರೋಗ್ರಾಂ ಬೇರೆಲ್ಲೂ ಉಳಿದಿರದೆ ಇರಬಹುದು. ಮೊದಲು ಓದಿ ಫೈಲ್ ಮಾಡಿಟ್ಟುಕೊಳ್ಳಿ, ಅಳಿಸೋದು ಆಮೇಲೆ.

ಇನ್ನು ಮುಟ್ಟಬಾರದ ಸಾಮಾನು. 1970ರ ದಶಕ ಮುಗಿಯುವವರೆಗೆ ಟ್ಯೂಬ್‌ಲೈಟ್ ಚೋಕ್ ಜೊತೆ ಬರುತ್ತಿದ್ದ ಎಷ್ಟೋ ಕೆಪಾಸಿಟರ್‌ಗಳಲ್ಲಿ ಪಿಸಿಬಿ ಅನ್ನೋ ವಿಷದ ಎಣ್ಣೆ ಇರುತ್ತಿತ್ತು. ಅಮೆರಿಕ ಅದರ ತಯಾರಿಕೆ ನಿಲ್ಲಿಸಿದ್ದು 1979ರಲ್ಲಿ. ಸರ್ಕ್ಯೂಟ್ ಬೋರ್ಡಿಗೂ ಅದೇ ಮೂರಕ್ಷರ, ಗೊಂದಲ ಬೇಡ. ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಮೈಕ್ರೊವೇವ್ ಓವನ್‌ನ ಮ್ಯಾಗ್ನೆಟ್ರಾನ್‌ನಲ್ಲಿರೋ (ಅಲೆ ಹುಟ್ಟಿಸುವ ಭಾಗ) ಸೆರಾಮಿಕ್ ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಆಗಿರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ, ಒಡೆಯಲೇ ಬೇಡಿ. 386, 486 ಪ್ರೊಸೆಸರ್ ಕಾಲದ ಮದರ್‌ಬೋರ್ಡ್ ಸಿಕ್ಕರೆ ಇಡಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು, ಮೊದಲು ಅದರ ಮೇಲಿನ ನೀಲಿ ಬ್ಯಾಟರಿ ಕತ್ತರಿಸಿ ತೆಗೆಯಿರಿ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚೋದು, ಒತ್ತೋದು, ಚಾರ್ಜ್ ಮಾಡಿ ನೋಡೋದು ಯಾವುದೂ ಬೇಡ.

ಬಿಸಾಡೋದು ಅಂದರೆ ಕಸದ ಬುಟ್ಟಿಗಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯಿತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ, ಸರಿಯಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರೋದು ಶೇ. 22.3ಕ್ಕೆ ಮಾತ್ರ. ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ ಬೇರೆ ಇಡಿ, ಉಳಿದದ್ದನ್ನು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ತಾಮ್ರಕ್ಕೆ ಅಂತ ವೈರ್ ಸುಡೋದು, ಚಿನ್ನಕ್ಕೆ ಅಂತ ಆಸಿಡ್‌ನಲ್ಲಿ ಬೋರ್ಡ್ ನೆನೆಸೋ ವಿಡಿಯೊ ನೋಡಿ ಮನೆಯಲ್ಲಿ ಶುರು ಮಾಡೋದು, ದಯವಿಟ್ಟು ಬೇಡ.

ಚೆನ್ನಾಗಿದೆ, ಆದರೆ ನಮಗೆ ಬೇಡ ಅನ್ನೋದನ್ನು ಕಲಿಯೋ ಮಕ್ಕಳಿಗೋ ರಿಪೇರಿ ಮಾಡೋ ಗೆಳೆಯರಿಗೋ ಕೊಡಬಹುದು. ಕೊಡೋ ಮುಂಚೆ ಟೆಸ್ಟ್ ಮಾಡಿ, ವಿಂಗಡಿಸಿ, ಹೆಸರು ಬರೆದು ಕೊಡಿ. ಕಲಸುಮೇಲೋಗರದ ಡಬ್ಬಿಯನ್ನು ಹಾಗೇ ದಾಟಿಸಿದರೆ ಅವರಿಗೂ ನಮ್ಮದೇ ತಲೆನೋವು, ಅಲ್ವಾ?